ನಂಬರಪ್ಪನವರ ಟರ್ಬೋ ಪ್ರಕರಣ

ನಂಬರಪ್ಪ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಪೇಟೆಯ ಪಾದರಕ್ಷೆ ಅಂಗಡಿಯಲ್ಲಿ ತಲೆ ನರೆಯುವ ತನಕ ಗಿರಾಕಿಗಳ ಕಾಲ ಬುಡದಲ್ಲಿ ಕೂತು ಕೆಲಸ ಮಾಡಿದ ಮನುಷ್ಯ, ಯಾರನ್ನು ಕಂಡರೂ ಮೊದಲು ನೋಡುತ್ತಿದ್ದದ್ದು ಪಾದವನ್ನು. ಮುಖ ಆಮೇಲೆ, ಬಿಡುವಿದ್ದರೆ. "ಏಳು, ಕೊಂಚ ಅಗಲ" ಎಂದು ಮನಸ್ಸಿನಲ್ಲೇ ಗುರುತು ಹಾಕಿಕೊಂಡು ಆಮೇಲೆ "ಚೆನ್ನಾಗಿದೀರಾ?" ಎನ್ನುವ ಅಭ್ಯಾಸ. ನಮ್ಮ ಬೀದಿಯಲ್ಲಿ ಯಾರ ಹೆಸರನ್ನಾದರೂ ಅವರು ಮರೆತಾರು, ನಂಬರನ್ನು ಮರೆತವರಲ್ಲ. ಮದುವೆಗೆ ಮೊದಲು ಹೆಂಡತಿಯ ಮನೆಗೆ ಹೋಗಿದ್ದಾಗ ಅತ್ತೆಯ ಮುಂದೆ ತಲೆಯೆತ್ತದೆ ಕೂತಿದ್ದರಂತೆ. ಹುಡುಗ ಎಷ್ಟು ಸಂಕೋಚದವನಪ್ಪ ಎಂದು ಅತ್ತೆ ಅಲ್ಲೇ ಮೆಚ್ಚಿಕೊಂಡರು. ಅಂಥ ಅಗಲವಾದ ಪಾದವನ್ನು ಹುಟ್ಟಿದಾಗಿನಿಂದ ಕಂಡಿರದ ಹುಡುಗ ಬೆರಗಾಗಿ ಕೂತಿದ್ದ ಎಂಬ ಸಂಗತಿ ಆ ಮನೆಯಲ್ಲಿ ಇಂದಿಗೂ ಯಾರಿಗೂ ಗೊತ್ತಿಲ್ಲ.

ಇಂಥ ನಂಬರಪ್ಪನವರಿಗೆ ಒಂದು ಪುಟ್ಟ ಹಳೆಯ ಕಾರಿತ್ತು. ಅದರ ಮೇಲೆ ಅವರಿಗಿದ್ದ ಅಕ್ಕರೆ ಅಷ್ಟಿಷ್ಟಲ್ಲ. ಪಾದ ನೆಟ್ಟಗಿದ್ದರೆ ಉಳಿದದ್ದೆಲ್ಲ ನೆಟ್ಟಗಿರುತ್ತದೆ ಎಂಬ ವೃತ್ತಿಧರ್ಮಕ್ಕೆ ತಕ್ಕಂತೆ ಮೊದಲು ಅಗಲವಾದ ಚಕ್ರ ಹಾಕಿಸಿದರು. ಆಮೇಲೆ ಬಾನೆಟ್ಟಿನ ಮೇಲೆ ಕೆಂಪು ಪಟ್ಟೆ ಬಳಿಸಿದರು. ಹೊಗೆ ಕೊಳವೆ ಬದಲಾಯಿಸಿದರು, ಸದ್ದು ಬಂತು. ಕೊನೆಗೆ ಹಿಂಭಾಗಕ್ಕೆ ವಿಮಾನದಂಥ ರೆಕ್ಕೆ ಕೂರಿಸಿದ ದಿನ ಹೆಂಡತಿ, "ಇನ್ನು ಈ ಕಾರಿಗೆ ಒಂದು ಮೊಳೆ ಹೊಡೆಸಿದ್ರೂ ನಾನು ತವರಿಗೆ ಹೋಗ್ತೀನಿ" ಎಂದರು. ಅದು ಬರಿಯ ಬೆದರಿಕೆ. ತವರೆಂದರೆ ಅತ್ತೆ, ಅತ್ತೆಯೋ ಇದೇ ಮನೆಯಲ್ಲಿ ಇದ್ದರು. ಆದರೂ ನಂಬರಪ್ಪ ಹೆದರಿ ಕೈಬಿಟ್ಟರು.

ಚಕ್ರ, ಪಟ್ಟೆ, ಸದ್ದು, ರೆಕ್ಕೆ ಎಲ್ಲ ಇದ್ದ ಆ ಕಾರಿಗೆ ಇಲ್ಲದಿದ್ದದ್ದು ಒಂದೇ, ದಮ್ಮು. ಸಮತಟ್ಟಿನಲ್ಲಿ ಅದರಂಥ ಸಾಧು ಇನ್ನೊಂದಿಲ್ಲ. ಮನೆ ಇದ್ದದ್ದು ಮಾತ್ರ ಕಡಿದಾದ ಏರಿನ ತುದಿಯಲ್ಲಿ. ಬುಡದಲ್ಲಿ ಗುಡುಗುತ್ತ ಹೊರಡುತ್ತಿದ್ದ ಕಾರು ಔಷಧದಂಗಡಿ ದಾಟುವಾಗ ಗೊಣಗುತ್ತಿತ್ತು. ಇಸ್ತ್ರಿಯವನ ಅಂಗಡಿಯ ಮುಂದೆ ಬರೀ ನಿಟ್ಟುಸಿರು. ಅಲ್ಲಿಗೆ ನಂಬರಪ್ಪ ಹಿಂದೆ ತಿರುಗದೆ, ಕನ್ನಡಿಯನ್ನೂ ನೋಡದೆ, ಮೆಲ್ಲಗೆ "ಅತ್ತೇ..." ಎನ್ನುತ್ತಿದ್ದರು.

ಅತ್ತೆಗೆ ಅಷ್ಟು ಸಾಕು. ದೊಡ್ಡ ಮೈಯ, ದೊಡ್ಡ ದನಿಯ, ಅದಕ್ಕಿಂತ ದೊಡ್ಡ ಮನಸ್ಸಿನ ಹೆಂಗಸು. ತಕರಾರಿಲ್ಲದೆ ಬಾಗಿಲು ತೆಗೆದು ಇಳಿದು, ಕೊಡೆ ಬಿಡಿಸಿಕೊಂಡು ನಡೆಯತೊಡಗುತ್ತಿದ್ದರು. ಆಕೆ ಇಳಿದೊಡನೆ ಕಾರು ನಾಲ್ಕು ಬೆರಳು ಮೇಲೇಳುತ್ತಿತ್ತು, ಮುಂದಕ್ಕೂ ತೆವಳುತ್ತಿತ್ತು. ಆದರೆ ಎಷ್ಟು ನಿಧಾನವಾಗಿ ಎಂದರೆ, ಅತ್ತೆಯೇ ಮೊದಲು ಮನೆ ಮುಟ್ಟಿ, ಬೀಗ ತೆಗೆದು, ಕಾರಿಗಾಗಿ ಗೇಟು ಹಿಡಿದು ನಿಂತಿರುತ್ತಿದ್ದರು.

ಹೀಗೇ ಒಂದು ಭಾನುವಾರ ಅತ್ತೆ ಇಳಿದು ಕೊಡೆ ಬಿಡಿಸುತ್ತಿದ್ದರು. ಹಿಂದಿನಿಂದ ಹೊಚ್ಚ ಹೊಸ ಕಾರೊಂದು ಸದ್ದಿಲ್ಲದೆ ಬಂದು ನಿಂತಿತು. ಒಳಗಿದ್ದವನು ಷಡ್ಡಕ, ಅಂದರೆ ಹೆಂಡತಿಯ ತಂಗಿಯ ಗಂಡ. ಯಾವ ವಸ್ತು ಕೊಂಡರೂ ಅದನ್ನು ಮೊದಲು ನಂಬರಪ್ಪನವರಿಗೆ ತೋರಿಸದಿದ್ದರೆ ಅವನಿಗೆ ಕೊಂಡ ಸುಖವೇ ಇಲ್ಲ.

"ಹತ್ತಿ ಅತ್ತೆ" ಎಂದ. ಅತ್ತೆ ಹತ್ತಿದರು. ಹೊಸ ಕಾರು ಅತ್ತೆಯ ಭಾರ ತನ್ನ ಗಮನಕ್ಕೇ ಬಾರದ ಹಾಗೆ ಏರು ಹತ್ತಿ ಮಾಯವಾಯಿತು. ನಂಬರಪ್ಪ ಮನೆ ತಲುಪಿದಾಗ ಅತ್ತೆ ಕಾಫಿ ಕುಡಿದು ಲೋಟ ತೊಳೆದಿಟ್ಟಿದ್ದರು.

"ಕೂತಿದ್ದೇ ಗೊತ್ತಾಗ್ಲಿಲ್ಲ ಕಣೇ" ಎಂದು ಮಗಳ ಮುಂದೆ ಬಣ್ಣಿಸುತ್ತಿದ್ದರು. "ಕಣ್ಮುಚ್ಚಿ ಕಣ್ತೆಗೆಯೋದ್ರೊಳಗೆ ಮನೆ!"

"ಟರ್ಬೋ ಇದೆ ಭಾವ" ಎಂದ ಷಡ್ಡಕ. "ಅದಿಲ್ದಿದ್ರೆ ಈಗಿನ ಕಾಲದಲ್ಲಿ ಅದನ್ನ ಕಾರು ಅಂತಾನೇ ಅನ್ನಲ್ಲ."

ಟರ್ಬೋ ಎಂದರೇನೆಂದು ನಂಬರಪ್ಪನವರಿಗೆ ಆ ಗಳಿಗೆಯ ತನಕ ಗೊತ್ತಿರಲಿಲ್ಲ. ಆದರೆ ಸೋಲೊಪ್ಪುವ ಸಮಯ ಅದಲ್ಲ. ಕಾಲ ಮೇಲೆ ಕಾಲು ಹಾಕಿ, "ಗೊತ್ತು ಬಿಡಪ್ಪ. ನಿಂದು ಯಾವ ಸೈಜು?" ಎಂದರು.

ಷಡ್ಡಕ ತಬ್ಬಿಬ್ಬಾದ. "ಸೈಜಾ? ಟರ್ಬೋಗೆ ಸೈಜು ಬೇರೆ ಇರುತ್ತಾ?"

"ಇಲ್ದೆ ಏನು? ಸೈಜು ನೋಡ್ದೆ ತಂದ್ಯಾ? ಒಳ್ಳೆ ಕೆಲಸ ಮಾಡ್ದೆ ಬಿಡು!"

ಇದು ಬಾಯಿಗೆ ಬಂದ ಮಾತು. ಸೈಜಿಲ್ಲದ ವಸ್ತುವೊಂದು ಜಗತ್ತಿನಲ್ಲಿ ಇರಬಹುದೆಂದು ನಂಬರಪ್ಪನವರಿಗೆ ಎಂದೂ ಹೊಳೆದಿರಲಿಲ್ಲ, ಅಷ್ಟೆ. ಆದರೆ ಅವರ ದುರದೃಷ್ಟಕ್ಕೆ ಆ ಮಾತು ನಿಜವಾಗಿತ್ತು.

ಮರುದಿನ ಅಂಗಡಿಗೆ ಹೋಗುವ ಮುನ್ನ ಡಾಕ್ಟರ ಶೆಡ್ಡಿಗೆ ಹೋದರು. ಡಾಕ್ಟರ್ ಎಂದರೆ ಗ್ಯಾರೇಜಿನವರು. ಎಂಜಿನ್ನಿಗೆ ಸ್ಟೆತಸ್ಕೋಪು ಒತ್ತಿ ಒಳಗಿನ ಸದ್ದು ಕೇಳಿ ರೋಗ ಹೇಳುತ್ತಿದ್ದರಿಂದ ಆ ಹೆಸರು. ಹೆಸರು ಬಂದ ಮೇಲೆ ಅದಕ್ಕೆ ಕುಂದು ತರಬಾರದೆಂದು ಉದ್ದನೆಯ ಬಿಳಿ ಕೋಟನ್ನೂ ಹೊಲಿಸಿಕೊಂಡಿದ್ದರು. ಬಿಳಿ ಎಂಬುದು ಅದರ ಮೂಲ ಬಣ್ಣ.

ಟರ್ಬೋ ಎಂದೊಡನೆ ಡಾಕ್ಟರ ಕಣ್ಣು ಅರಳಿತು. ಬಸವನ ಹುಳುವಿನ ಚಿಪ್ಪಿನಂತೆ ಸುರುಳಿ ಸುತ್ತಿಕೊಂಡ ಕಬ್ಬಿಣದ ವಸ್ತುಗಳನ್ನು ತಂದು ಮೇಜಿನ ಮೇಲೆ ಸಾಲಾಗಿ ಇಟ್ಟರು. ಒಂದು ಅಂಗೈಯಷ್ಟು, ಒಂದು ತೆಂಗಿನಕಾಯಿಯಷ್ಟು, ಇನ್ನೊಂದು ದೊಡ್ಡ ಕುಂಬಳಕಾಯಿಯಷ್ಟು.

"ನೋಡಿ, ಎಂಜಿನ್ನಿನ ಹೊಗೆ ಸುಮ್ನೆ ಹೊರಗೆ ಹೋಗುತ್ತಲ್ಲ, ಅದರ ರಭಸಕ್ಕೆ ಈ ಚಕ್ರ ತಿರುಗುತ್ತೆ. ಇದು ತಿರುಗಿದ್ರೆ ಆ ಕಡೆ ಇರೋ ಚಕ್ರಾನೂ ತಿರುಗಿ, ಗಾಳೀನ ಒತ್ತಿ ಎಂಜಿನ್ ಒಳಗೆ ತುಂಬುತ್ತೆ. ಉಸಿರು ಜಾಸ್ತಿ ಆದ್ರೆ ಶಕ್ತಿ ಜಾಸ್ತಿ. ಚಿಕ್ಕದು ಬೇಗ ತಿರುಗುತ್ತೆ, ಕಾಲಿಟ್ಟ ತಕ್ಷಣ ಉಸಿರು ಕೊಡುತ್ತೆ. ಆದ್ರೆ ಜೋರಾಗಿ ಓಡಿಸಿದ್ರೆ ಅದಕ್ಕೇ ಉಸಿರು ಸಾಲಲ್ಲ. ದೊಡ್ಡದು ಜೋರು ಓಟಕ್ಕೆ ಭರ್ಜರಿ. ಆದ್ರೆ ಏಳೋದು ನಿಧಾನ. ನಿಮ್ಮ ಕಾರು ಜಾಸ್ತಿ ಎಲ್ಲಿ ಓಡುತ್ತೆ?"

ನಿಜ ಹೇಳಬೇಕೆಂದರೆ ಮನೆಯಿಂದ ಅಂಗಡಿಗೆ, ಅಂಗಡಿಯಿಂದ ಮನೆಗೆ, ಭಾನುವಾರ ತರಕಾರಿ ಮಾರುಕಟ್ಟೆಗೆ. ಆದರೆ ಅಂಥ ಮಾತನ್ನು ಆ ಭವ್ಯ ವಸ್ತುಗಳ ಎದುರು ಆಡುವುದಾದರೂ ಹೇಗೆ?

"ಹೆದ್ದಾರೀಲಿ" ಎಂದರು ನಂಬರಪ್ಪ.

"ಎಷ್ಟು ಸ್ಪೀಡಲ್ಲಿ?"

"ಮನಸ್ಸು ಬಂದಷ್ಟು."

"ಜೊತೇಲಿ ಯಾರಿರ್ತಾರೆ?"

"ಯಾರೂ ಇಲ್ಲ. ಒಬ್ನೇ."

ಡಾಕ್ಟರು ಬೆರಗಿನಿಂದ ಅವರನ್ನು ಮೇಲಿಂದ ಕೆಳಗೆ ನೋಡಿದರು. ಜೀವಮಾನದಲ್ಲಿ ಯಾರೂ ತಮ್ಮನ್ನು ಹಾಗೆ ನೋಡಿರದ ನಂಬರಪ್ಪ ಅಲ್ಲೇ ಕುಂಬಳಕಾಯಿಯತ್ತ ಕೈ ತೋರಿಸಿ, "ಅದೇ ಇರ್ಲಿ" ಎಂದರು.

"ಅದು ಬಸ್ಸಿಂದು ಸಾರ್. ನಿಮ್ಮ ಪುಟ್ಟ ಎಂಜಿನ್ ತಡ್ಕೊಳುತ್ತೋ ಇಲ್ವೋ. ಶನಿವಾರ ಮನೆಗೇ ಬಂದು ಪರೀಕ್ಷೆ ಮಾಡ್ತೀನಿ. ಅಷ್ಟರಲ್ಲಿ ಯೋಚನೆ ಮಾಡಿ ಫೋನ್ ಮಾಡಿ."

ಹೆಂಡತಿಯ ಕಿವಿಗೆ ಬೀಳಬಾರದೆಂದು ನಂಬರಪ್ಪ ಆ ಫೋನನ್ನು ಹಿತ್ತಲಿಗೆ ಹೋಗಿ, ಗೋಡೆಗೆ ಒರಗಿ ನಿಂತು ಮಾಡಿದರು. ಗೋಡೆಯ ಆಚೆ ಬದಿ ಪಕ್ಕದ ಮನೆಯ ನರ್ಸಮ್ಮ ಬಟ್ಟೆ ಒಣಹಾಕುತ್ತಿದ್ದರು. ಆಸ್ಪತ್ರೆಯ ಕೆಲಸದಿಂದ ನಿವೃತ್ತರಾಗಿದ್ದರೂ ಕೆಲಸ ಅವರಿಂದ ನಿವೃತ್ತಿಯಾಗಿರಲಿಲ್ಲ. ಬೀದಿಯಲ್ಲಿ ಯಾರು ಕೆಮ್ಮಿದರೂ ಎಷ್ಟು ಸಲ ಎಂದು ಎಣಿಸುವಾಕೆ. ಆಕೆಗೆ ಕೇಳಿಸಿದ್ದು ಇಷ್ಟು:

"ಹಲೋ ಡಾಕ್ಟ್ರೇ... ಹೌದು, ಏರು ಹತ್ತುವಾಗ ಉಸಿರೇ ಸಾಲಲ್ಲ... ಅರ್ಧಕ್ಕೇ ನಿಂತುಬಿಡುತ್ತೆ... ಹಳೇದಾಯ್ತಲ್ಲ ಸಾರ್, ಸವೆದಿರುತ್ತೆ... ಬಿಚ್ಚಿದ ಮೇಲೇ ಗೊತ್ತಾಗೋದಾ?... ಆಗ್ಲಿ, ಬಿಚ್ಚಿ, ಒಳಗೆ ದೊಡ್ಡದನ್ನೇ ಕೂರಿಸಿ... ಒತ್ತಡ ತಡೀದೆ ಒಡೆದುಹೋದ್ರೆ?... ಹೋದ್ರೆ ಹೋಗ್ಲಿ ಬಿಡಿ, ಒಂದು ಕೈ ನೋಡೇಬಿಡೋಣ... ಇಲ್ಲ ಇಲ್ಲ, ಮನೇಲಿ ಹೇಳಿಲ್ಲ. ಅವಳಿಗೆ ಗೊತ್ತಾದ್ರೆ ಮಾಡಿಸೋಕೆ ಬಿಡಲ್ಲ."

ನರ್ಸಮ್ಮನ ಕೈಯಲ್ಲಿದ್ದ ಒದ್ದೆ ಟವೆಲ್ಲು ಜಾರಿ ಮಣ್ಣಿಗೆ ಬಿತ್ತು. ಆಕೆ ಅದನ್ನು ಎತ್ತಿಕೊಳ್ಳಲಿಲ್ಲ. ನಂಬರಪ್ಪ ಅಂಗಡಿಗೆ ಹೊರಟುಹೋದ ಮೇಲೆ ನೇರವಾಗಿ ಅವರ ಅಡುಗೆಮನೆಗೆ ಬಂದು, ಹೆಂಡತಿಯನ್ನು ಸ್ಟೂಲಿನ ಮೇಲೆ ಕೂರಿಸಿ, ನೀರು ಕುಡಿಸಿ, ಆಮೇಲೆ ಹೇಳಿದರು. ಆಪರೇಷನ್. ಎದೆಯೊಳಗೆ ಏನೋ ಕೂರಿಸುತ್ತಾರೆ. ಮನೆಯವರಿಗೆ ನೋವಾಗಬಾರದೆಂದು ಗುಟ್ಟಾಗಿಟ್ಟಿದ್ದಾರೆ.

ಹೆಂಡತಿ ಅಳಲು ಶುರು ಮಾಡಿದರು. "ಅದಕ್ಕೇ ಇರ್ಬೇಕು, ಭಾನುವಾರದಿಂದ ಮಂಕಾಗಿದ್ರು."

ಅತ್ತೆ ಮಾತ್ರ ಎದೆಗುಂದಲಿಲ್ಲ. "ಅಳ್ಬೇಡ. ಅಷ್ಟು ದೊಡ್ಡ ಕಷ್ಟಾನ ಒಬ್ನೇ ನುಂಗ್ಕೊಂಡಿದಾನಲ್ಲ, ಬಂಗಾರದಂಥ ಮನುಷ್ಯ. ಅವನಾಗಿ ಬಾಯಿಬಿಡೋವರೆಗೂ ನಾವು ಗೊತ್ತಿರೋ ಹಾಗೆ ತೋರಿಸ್ಕೋಬಾರ್ದು. ಚೆನ್ನಾಗಿ ನೋಡ್ಕೋಬೇಕು, ಅಷ್ಟೆ."

ನರ್ಸಮ್ಮನೂ ಯಾರಿಗೂ ಹೇಳುವುದಿಲ್ಲವೆಂದು ಮಾತುಕೊಟ್ಟರು. ಮಧ್ಯಾಹ್ನದೊಳಗೆ ಇಡೀ ಬೀದಿಗೆ ವಿಷಯ ಗೊತ್ತಾಯಿತು.

ಅಂದಿನಿಂದ ನಂಬರಪ್ಪನವರ ಬದುಕಿನಲ್ಲಿ ವಸಂತಕಾಲ. ಊಟಕ್ಕೆ ಉಪ್ಪಿಲ್ಲ, ಎಣ್ಣೆಯಿಲ್ಲ ಎಂಬ ಒಂದು ಕೊರತೆ ಬಿಟ್ಟರೆ ಮನೆಯಲ್ಲಿ ರಾಜೋಪಚಾರ. ಕಿಟಕಿಯ ಪಕ್ಕದ ಕುರ್ಚಿಯನ್ನು ಅತ್ತೆ ತಾವಾಗಿ ಬಿಟ್ಟುಕೊಟ್ಟರು. ಬೂಟಿನ ದಾರ ಕಟ್ಟಿಕೊಳ್ಳಲು ಬಗ್ಗಿದರೆ ಹೆಂಡತಿ ಓಡಿಬಂದು ತಾವೇ ಕಟ್ಟಿದರು. ಇಸ್ತ್ರಿಯವನು ಕೆಂಡದ ಪೆಟ್ಟಿಗೆ ಬದಿಗಿಟ್ಟು ಎದ್ದು ನಿಂತು ಕೈಮುಗಿದ. ಅಂಗಡಿಯಲ್ಲಂತೂ ಯಜಮಾನರು ಅವರನ್ನು ತಮ್ಮ ಪಕ್ಕದಲ್ಲೇ ಕೂರಿಸಿಕೊಂಡರು.

"ನೀನು ಇನ್ಮೇಲೆ ಯಾರ ಕಾಲ ಹತ್ರಾನೂ ಬಗ್ಗಬೇಡ ಕಣಯ್ಯ. ನನಗೆ ಎಲ್ಲಾ ಗೊತ್ತಾಗಿದೆ."

ನಂಬರಪ್ಪ ಬೆಚ್ಚಿದರು. "ಗೊತ್ತಾಯ್ತಾ ಸಾರ್? ನಮ್ಮನೇಲೂ ಗೊತ್ತಾ?"

"ಎಲ್ರಿಗೂ ಗೊತ್ತು. ಎಲ್ರೂ ನಿನ್ನ ಪರವಾಗೇ ಇದೀವಿ. ಯಾವ ಸೈಜಿಂದು ಹಾಕೋದು ಅಂತ ತೀರ್ಮಾನ ಆಯ್ತಾ?"

ನಂಬರಪ್ಪ ಆನಂದದಿಂದ ಯಜಮಾನರ ಕೈ ಹಿಡಿದುಕೊಂಡರು. ಹೆಂಡತಿಗೂ ಗೊತ್ತು, ಆದರೂ ಬೂಟಿನ ದಾರ ಕಟ್ಟುತ್ತಾಳೆ! "ದೊಡ್ಡದೇ ಅಂದ್ಕೊಂಡಿದೀನಿ ಸಾರ್. ಡಾಕ್ಟ್ರಿಗೆ ಒಂದು ಚೂರು ಅನುಮಾನ."

"ಡಾಕ್ಟ್ರ ಮಾತು ಕೇಳಪ್ಪ."

"ಅವ್ರಿಗೇನು ಸಾರ್, ಹಾಕಿ ಕಳಿಸ್ತಾರೆ. ಆಮೇಲೆ ಓಡಬೇಕಾದ್ದು ನಂದಲ್ವಾ?"

"ಓಡಬೇಕಾ?"

"ಮತ್ತೆ? ಹಾಕಿಸಿದ ದಿನಾನೇ ಹೆದ್ದಾರಿಗೆ ಹೋಗಿ ಒಂದು ಸಲ ಜೋರಾಗಿ ಓಡಿ ಬರೋದು ಅಂತಿದೀನಿ. ದಾರೀಲಿ ಷಡ್ಡಕನ ಕಾರು ಸಿಕ್ಕಿದ್ರೆ ಹಿಂದೆ ಹಾಕ್ಬೇಕು."

ಯಜಮಾನರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ನಿನ್ನ ಧೈರ್ಯ ನನಗಿಲ್ಲಪ್ಪ" ಎಂದರು.

ಟರ್ಬೋ ಎಂಬ ಶಬ್ದವನ್ನು ಮಾತ್ರ ಯಾರೂ ಎತ್ತಲಿಲ್ಲ. ಗೊತ್ತಿರುವವರ ಮುಂದೆ ಬಿಡಿಸಿ ಹೇಳುವುದೇಕೆ ಎಂದು ನಂಬರಪ್ಪ ಎತ್ತಲಿಲ್ಲ. ಉಳಿದವರಿಗೆ ಆ ಶಬ್ದ ಬೇಕಾಗಿರಲಿಲ್ಲ. ಸಂಜೆ ಷಡ್ಡಕ ಒಂದು ಬುಟ್ಟಿ ಹಣ್ಣು ಹಿಡಿದು ಬಂದ. ಹೊಸ ಕಾರನ್ನು ಬೀದಿಯ ಕೊನೆಯಲ್ಲೇ ನಿಲ್ಲಿಸಿ, ನಡೆದುಕೊಂಡು ಬಂದಿದ್ದ. ಅಷ್ಟು ಮೆತ್ತಗಾದ ಷಡ್ಡಕನನ್ನು ನಂಬರಪ್ಪ ಕಂಡಿರಲಿಲ್ಲ.

"ಭಾವ, ಅವತ್ತು ನಾನು ಸ್ವಲ್ಪ ಜಂಬ ಮಾಡ್ದೆ. ಮನಸ್ಸಿಗೆ ಹಚ್ಕೋಬೇಡಿ. ರಕ್ತ ಬೇಕಾದ್ರೆ ನಂದು ಕೊಡ್ತೀನಿ."

"ರಕ್ತ ಯಾಕೋ? ಎಣ್ಣೆ ಸಾಕು" ಎಂದರು ನಂಬರಪ್ಪ ಉದಾರವಾಗಿ. "ಒಂದು ಪೈಪಲ್ಲಿ ಎಣ್ಣೆ ಒಳಗೆ ಹೋಗ್ತಿರ್ಬೇಕು, ಇನ್ನೊಂದರಲ್ಲಿ ವಾಪಸ್ ಬರ್ತಿರ್ಬೇಕು. ಇಲ್ದಿದ್ರೆ ಕಾದು ಕೆಂಪಗಾಗಿ ಹಿಡ್ಕೊಂಡುಬಿಡುತ್ತೆ."

ಷಡ್ಡಕ ತನ್ನ ಎದೆಯನ್ನೊಮ್ಮೆ ಮುಟ್ಟಿ ನೋಡಿಕೊಂಡು, ಬೇಗ ಎದ್ದುಹೋದ.

ಶನಿವಾರ ಬಂತು. ಡಾಕ್ಟರೂ ಬಂದರು. ಬಿಳಿ ಕೋಟು, ಕೊರಳಲ್ಲಿ ಸ್ಟೆತಸ್ಕೋಪು. ಗೇಟಿನಲ್ಲಿ ಕಾವಲು ನಿಂತಿದ್ದ ನರ್ಸಮ್ಮ ಕೋಟಿನ ಮೇಲಿನ ಕಪ್ಪು ಕಲೆಗಳನ್ನು ನೋಡಿ ಮುಖ ಸಿಂಡರಿಸಿದರು.

"ಪೇಷಂಟ್ ಎಲ್ಲಿ?" ಎಂದರು ಡಾಕ್ಟರು. ಎಲ್ಲ ಕಾರನ್ನೂ ಅವರು ಕರೆಯುತ್ತಿದ್ದದ್ದು ಹಾಗೆಯೇ.

"ಒಳಗೆ ಮಲಗಿಸಿದೀವಿ."

"ಒಳಗಾ? ಮನೆಯೊಳಗೆ ಹೇಗೆ ನುಗ್ಗಿಸಿದ್ರಿ? ಹಿಂದಿನ ರೆಕ್ಕೆ ಬಾಗಿಲಿಗೆ ತಗುಲ್ಲಿಲ್ವಾ?"

ನರ್ಸಮ್ಮನಿಗೆ ಈ ಪ್ರಶ್ನೆ ಅರ್ಥವಾಗಲಿಲ್ಲ. ಆದರೆ ಎಷ್ಟೋ ದೊಡ್ಡ ವೈದ್ಯರ ಮಾತು ಆಕೆಗೆ ಅರ್ಥವಾದದ್ದಿಲ್ಲ. ಮುಖ್ಯ ವಿಷಯಕ್ಕೆ ಬಂದರು. "ಆಪರೇಷನ್ ಎಲ್ಲಿ ಮಾಡ್ತೀರಿ?"

"ನನ್ನ ಶೆಡ್ಡಲ್ಲೇ."

"ಶೆಡ್ಡಲ್ಲಿ!"

"ತಗಡು ಹೊದಿಸಿದೆ, ಮಳೆ ಬಂದ್ರೂ ತೊಂದರೆ ಇಲ್ಲ."

"ಪ್ರಜ್ಞೆ ತಪ್ಪಿಸೋದಕ್ಕೆ ಯಾರನ್ನ ಕರೆಸ್ತೀರಿ?"

ಹೆಂಗಸಿಗೆ ಕರೆಂಟಿನ ಭಯವಿರಬೇಕೆಂದು ಡಾಕ್ಟರು ಸಮಾಧಾನ ಹೇಳಿದರು. "ಅದಕ್ಕೆಲ್ಲ ಯಾರೂ ಬೇಡ. ಬ್ಯಾಟರಿ ವೈರು ಕಿತ್ತುಬಿಡ್ತೀನಿ."

ಅಷ್ಟರಲ್ಲಿ ಹೆಂಡತಿ, ಅತ್ತೆ ಹೊರಗೆ ಬಂದಿದ್ದರು. ನರ್ಸಮ್ಮ ಗೇಟಿನ ಸರಳು ಹಿಡಿದುಕೊಂಡು ಕೊನೆಯ ಪ್ರಶ್ನೆ ಕೇಳಿದರು. "ಅವರಿಗೆ ಹಾಕೋದು... ಅದು ಹೊಸದೇ ತಾನೇ?"

"ಹೊಸದೆಲ್ಲಿ ಬಂತು? ಒಂದು ಬಸ್ಸು ಮರಕ್ಕೆ ಗುದ್ದಿತ್ತಲ್ಲ, ಅಲ್ಲಿಂದ ಬಿಚ್ಕೊಂಡು ಬಂದಿದ್ದು. ಯೋಚನೆ ಮಾಡ್ಬೇಡಿ, ಸೀಮೆಎಣ್ಣೇಲಿ ನೆನೆಹಾಕಿದೀನಿ. ಗಟ್ಟಿ ಬ್ರಷ್ ತಗೊಂಡು ಉಜ್ಜಿದ್ರೆ ಹೊಸದರ ಹಾಗೇ ಆಗುತ್ತೆ."

ನರ್ಸಮ್ಮ ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತರು. ಹೆಂಡತಿ "ಅಯ್ಯೋ" ಎಂದು ಒಳಗೋಡಿ ನಂಬರಪ್ಪನವರನ್ನು ತಬ್ಬಿ ಹಿಡಿದುಕೊಂಡು, "ನಿಮ್ಮನ್ನ ಕಳ್ಸಲ್ಲ ರೀ, ಯಾರೇನಂದ್ರೂ ಕಳ್ಸಲ್ಲ" ಎಂದು ಅಳತೊಡಗಿದರು. ನಂಬರಪ್ಪ ಹಾಗೇ ಹೆಂಡತಿಯನ್ನು ಎಳೆದುಕೊಂಡು ಹೊರಗೆ ಬಂದು, ಡಾಕ್ಟರಿಗೆ ಮನೆಯ ಬದಿಯಲ್ಲಿ ನಿಂತಿದ್ದ ಕಾರನ್ನು ಕಣ್ಣಲ್ಲೇ ತೋರಿಸಿದರು. ಡಾಕ್ಟರು ಆ ಕಡೆ ಹೋದರು.

ಅತ್ತೆ ಅಳಿಯನ ಎದುರು ನಿಂತರು. ದೊಡ್ಡ ದನಿ ಅಂದು ನಡುಗುತ್ತಿತ್ತು. "ಅಳಿಯಂದ್ರೇ, ಇದೆಲ್ಲ ಯಾಕೆ ಬೇಕಿತ್ತು? ಇಷ್ಟು ವರ್ಷ ನಡೀಲಿಲ್ವಾ?"

"ಇಷ್ಟು ವರ್ಷ ನಡೆದಿದ್ದು ನೀವು ಅತ್ತೆ" ಎಂದರು ನಂಬರಪ್ಪ. ಅವರ ದನಿಯೂ ಗದ್ಗದವಾಗಿತ್ತು, ಹೆಂಡತಿ ಕತ್ತು ಬಿಗಿಯಾಗಿ ಹಿಡಿದಿದ್ದರು. "ಆ ಏರಲ್ಲಿ ನೀವು ಕೊಡೆ ಹಿಡ್ಕೊಂಡು ಇಳಿಯೋದನ್ನ ನೋಡೋಕೆ ನನ್ನ ಕೈಲಾಗಲ್ಲ. ಅದಕ್ಕೇ ನಾನು ಕನ್ನಡೀಲೂ ನೋಡಲ್ಲ. ಇದೊಂದು ಹಾಕಿಸಿಬಿಟ್ರೆ ನೀವು ಇಳಿಯೋ ಹಾಗೇ ಇಲ್ಲ."

ಅತ್ತೆ ಮಗಳ ಕಡೆ ತಿರುಗಿದರು. ಆಮೇಲೆ ಇಡೀ ಬೀದಿಗೆ ಕೇಳುವಂತೆ, "ಕೇಳಿದ್ಯೇನೇ? ನಾನು ಕೂತಿರೋ ಕಾರನ್ನ ತಳ್ಳೋ ಶಕ್ತಿ ಬರ್ಲಿ ಅಂತ ಈ ಮಹಾನುಭಾವ ಎದೆ ಕೊಯ್ಯಿಸ್ಕೊಳ್ಳೋಕೆ ಹೊರಟಿದಾನೆ!" ಎಂದರು.

"ಎದೆ? ಯಾರ ಎದೆ?" ಎಂದರು ನಂಬರಪ್ಪ.

ಅಷ್ಟರಲ್ಲಿ ಕಾರು ಗುಡುಗಿತು. ಎಲ್ಲರೂ ಡಾಕ್ಟರ ಕಡೆ ತಿರುಗಿದರು. ಡಾಕ್ಟರು ಕಾರಿನ ಬಾನೆಟ್ಟು ಎತ್ತಿ, ಎಂಜಿನ್ ಚಾಲೂ ಮಾಡಿ, ಸ್ಟೆತಸ್ಕೋಪನ್ನು ಅಲ್ಲಿ ಇಲ್ಲಿ ಒತ್ತುತ್ತ, ಕಣ್ಣು ಮುಚ್ಚಿ ಕೇಳುತ್ತಿದ್ದರು. ಕೊನೆಗೆ ತಲೆಯೆತ್ತಿ, "ಗಟ್ಟಿಯಾಗೇ ಇದೆ ಸಾರ್. ಇನ್ನೂ ಬಹಳ ವರ್ಷ ಬದುಕುತ್ತೆ. ಉಸಿರೊಂದೇ ಕಮ್ಮಿ" ಎಂದರು.

ಹೆಂಡತಿಯ ಕೈ ಮೊದಲು ಸಡಿಲವಾಯಿತು. ಆಮೇಲೆ ಅದೇ ಕೈ ಸೊಂಟಕ್ಕೆ ಹೋಯಿತು. "ಕಾರಿಗಾ? ಕಾರಿಗಾ ಇದೆಲ್ಲ? ಈ ಕಾರಿಗೋಸ್ಕರ ನಾನು, ನಮ್ಮಮ್ಮ ಉಪ್ಪಿಲ್ಲದ ಊಟ ಮಾಡಿದ್ವಾ?"

ನಂಬರಪ್ಪ ಓಡಬೇಕೆಂದುಕೊಂಡರು, ಆದರೆ ಗೇಟಿನಲ್ಲಿ ನರ್ಸಮ್ಮ ಎದ್ದು ನಿಂತಿದ್ದರು. ಆಕೆಗೆ ಸೋಲೊಪ್ಪಿ ಅಭ್ಯಾಸವಿಲ್ಲ. "ಏನೇ ಆಗ್ಲಿ, ಕೈ ಕೊಡಿ ಇಲ್ಲಿ" ಎಂದು ಅಲ್ಲೇ ನಾಡಿ ಹಿಡಿದು ನೋಡಿ, ಮನೆಯಿಂದ ಯಂತ್ರ ತಂದು ರಕ್ತದೊತ್ತಡವನ್ನೂ ನೋಡಿದರು. ಇಡೀ ಬೀದಿಯಲ್ಲಿ ಅಷ್ಟು ಒಳ್ಳೆಯ ಒತ್ತಡ ಇನ್ನೊಬ್ಬರಿಗಿರಲಿಲ್ಲ. "ನೋಡಿದ್ರಾ, ಉಪ್ಪು ಬಿಟ್ಟಿದ್ದು ಎಷ್ಟು ಒಳ್ಳೇದಾಯ್ತು!" ಎಂದು ಘನತೆಯಿಂದ ಯಂತ್ರ ಮಡಚಿದರು.

ಆ ಅಂಗಳದಲ್ಲಿ ಮೊದಲು ನಕ್ಕವರು ಅತ್ತೆ. ಅವರು ನಕ್ಕರೆ ಗೋಡೆಗೂ ಗೊತ್ತಾಗುತ್ತದೆ. ಹೆಂಡತಿ ತಡೆದುಕೊಂಡು, ತಡೆದುಕೊಂಡು, ಕೊನೆಗೆ ತಾವೂ ನಕ್ಕರು. ನಗು ಮುಗಿದ ಮೇಲೆ ಅತ್ತೆ ಕಣ್ಣೊರೆಸಿಕೊಂಡು ಡಾಕ್ಟರನ್ನು ಹತ್ತಿರ ಕರೆದರು.

"ಅದೇನೋ ನನಗೋಸ್ಕರ ಹಾಕಿಸ್ತಿರೋದಂತೆ. ಹಾಗಾದ್ರೆ ಕೂತು ನೋಡಿ ಒಪ್ಪಬೇಕಾದವಳು ನಾನು. ಎಲ್ಲಿ, ತೋರ್ಸಿ."

ಅದೃಷ್ಟಕ್ಕೆ ಡಾಕ್ಟರು ತಾವು ಬಂದಿದ್ದ ಕಾರಿಗೇ ಬಸ್ಸಿನ ಇನ್ನೊಂದು ಅಂಥದೇ ಕುಂಬಳಕಾಯಿಯನ್ನು ಕೂರಿಸಿಕೊಂಡಿದ್ದರು. ಬಾನೆಟ್ಟು ಮುಚ್ಚಿರಲಿಲ್ಲ, ಹಗ್ಗ ಕಟ್ಟಿದ್ದರು. ಅತ್ತೆಯನ್ನು ಹಿಂದೆ, ನಂಬರಪ್ಪನವರನ್ನು ಮುಂದೆ ಕೂರಿಸಿಕೊಂಡು ಏರಿನ ಬುಡಕ್ಕೆ ಹೋಗಿ, ತಿರುಗಿಸಿ, ಹೊರಟರು.

ಔಷಧದಂಗಡಿ ಬಂತು. ಕಾರು ಗೊಣಗಿತು.

"ಪೆಡಲ್ಲು ಪೂರ್ತಿ ಒತ್ತಿದೀನಿ" ಎಂದರು ಡಾಕ್ಟರು.

"ಮತ್ತೆ?"

"ಈಗ ಬರುತ್ತೆ."

"ಏನು ಬರುತ್ತೆ?" ಎಂದರು ಅತ್ತೆ ಹಿಂದಿನಿಂದ.

"ಶಕ್ತಿ ಅಮ್ಮ. ದೊಡ್ಡ ಚಕ್ರ ಅಲ್ವಾ, ಎದ್ದು ಬರೋದು ಸ್ವಲ್ಪ ತಡ."

ಇಸ್ತ್ರಿಯವನ ಅಂಗಡಿ ಬಂತು. ಕಾರು ನಿಟ್ಟುಸಿರಿಟ್ಟಿತು. ಇಸ್ತ್ರಿಯವನು ರೂಢಿಬಲದಿಂದ ಬಂದು ಹಿಂದಿನ ಬಾಗಿಲು ತೆಗೆದು ಹಿಡಿದ. ಅತ್ತೆ ಅದನ್ನು ಎಳೆದು ಮುಚ್ಚಿಕೊಂಡರು. ಕಾರು ತೆವಳುತ್ತ, ನಿಲ್ಲುತ್ತ, ಮತ್ತೆ ತೆವಳುತ್ತ ಹೇಗೋ ಮನೆಯ ಗೇಟು ದಾಟಿ, ಏರು ಪೂರ್ತಿ ಮುಗಿಸಿ, ನೀರಿನ ಟ್ಯಾಂಕಿನ ಮುಂದಿನ ಸಮತಟ್ಟಿಗೆ ಬಂತು. ಆಗ ಬಾನೆಟ್ಟಿನ ಒಳಗಿನಿಂದ ಪ್ರೆಷರ್ ಕುಕ್ಕರಿನಂಥ ಶಿಳ್ಳೆ ಕೇಳಿಸಿತು.

"ಬಂತು!" ಎಂದು ಡಾಕ್ಟರು ಕೂಗಿದರು.

ಬಂದೇಬಿಟ್ಟಿತು. ಕಾರು ಹಾರಿತು, ಹಗ್ಗ ಕಿತ್ತಿತು, ಬಾನೆಟ್ಟು ಎದ್ದು ಕಣ್ಣಿಗೆ ಅಡ್ಡವಾಯಿತು. ಡಾಕ್ಟರು ಎರಡೂ ಕಾಲಿನಿಂದ ಬ್ರೇಕು ತುಳಿದರು. ಟ್ಯಾಂಕಿನ ಸುತ್ತಲಿನ ಬೇಲಿಯ ಗಿಡಗಳು ಕಾರನ್ನು ಮೆತ್ತಗೆ ತಬ್ಬಿ ನಿಲ್ಲಿಸಿದವು. ಎಲೆಯೊಂದು ಅತ್ತೆಯ ತೊಡೆಯ ಮೇಲೆ ಬಿತ್ತು.

"ಇದು ಥೇಟು ನನ್ನ ತಮ್ಮನೇ" ಎಂದರು ಅತ್ತೆ ಎಲೆಯನ್ನು ಕೊಡವುತ್ತ. "ಮನೆ ಬದಲಾಯಿಸುವಾಗ ನಾವು ಸಾಮಾನೆಲ್ಲ ಹೊತ್ತು ಮುಗಿಸಿ ಕೂತ ಮೇಲೆ, ತೋಳು ಮಡಚಿಕೊಂಡು ಬಂದು 'ಎಲ್ಲಿ, ಏನು ಎತ್ತಬೇಕು?' ಅಂತಾನೆ."

ನಂಬರಪ್ಪ ಮಾತ್ರ ನಗಲಿಲ್ಲ. ಅವರೊಳಗಿನ ಮಾರಾಟಗಾರ ಎಚ್ಚರಗೊಂಡಿದ್ದ. ಅಂದಕ್ಕೆ ಮರುಳಾಗಿ ಸೈಜು ಮೀರಿದ ಬೂಟಿಗೆ ಕೈಹಾಕುವ ಗಿರಾಕಿಗಳನ್ನು ದಿನಾ ಬೆಳಗಾದರೆ ಕಾಣುವ ಮನುಷ್ಯ. "ಇದನ್ನ ಹಾಕ್ಕೊಂಡು ಎಲ್ಲಿಗೆ ಹೋಗ್ತೀರಿ ಸ್ವಾಮಿ?" ಎಂಬುದು ಅವರು ಮೊದಲು ಕೇಳುವ ಮಾತು. ಅದೇ ಮಾತನ್ನು ಡಾಕ್ಟರು ಕೇಳಿದಾಗ ತಾವು ಕೊಟ್ಟ ಉತ್ತರಗಳು ಒಂದೊಂದಾಗಿ ನೆನಪಾದವು. ಬೇಲಿಯೊಳಗೆ ಕೂತೇ ಗಂಟಲು ಸರಿಮಾಡಿಕೊಂಡರು.

"ಡಾಕ್ಟ್ರೇ, ಹೆದ್ದಾರಿ ಅಂದ್ನಲ್ಲ, ಅದು ತರಕಾರಿ ಮಾರ್ಕೆಟ್ಟು."

"ಹೌದಾ?"

"ಮನಸ್ಸು ಬಂದಷ್ಟು ಸ್ಪೀಡು ಅಂದೆ. ನನ್ನ ಮನಸ್ಸು ಸೈಕಲ್ಲನ್ನ ದಾಟಿದ್ರೆ ಜಾಸ್ತಿ. ಆಮೇಲೆ, ಒಬ್ನೇ ಅಂದ್ನಲ್ಲ..." ಎಂದು ಹಿಂದಕ್ಕೆ ತಿರುಗಿ ನೋಡಿದರು. ಡಾಕ್ಟರೂ ತಿರುಗಿ ನೋಡಿದರು. ಹಿಂದಿನ ಸೀಟಿನಲ್ಲಿ ಜಾಗವೇ ಉಳಿದಿರಲಿಲ್ಲ.

"ಮೊದಲೇ ಹೇಳಿದ್ರೆ ನನ್ನ ಬಾನೆಟ್ಟು ಉಳೀತಿತ್ತಲ್ಲ ಸಾರ್" ಎಂದರು ಡಾಕ್ಟರು ಬೇಸರದಿಂದ. "ಹಾಗಿದ್ರೆ ನಿಮಗೆ ಬೇಕಾದ್ದು ಅಂಗೈಯಷ್ಟು ಚಿಕ್ಕದು. ಹಳೇ ಎಂಜಿನ್ನು, ಒತ್ತಡಾನೂ ಕಮ್ಮಿ ಇಡೋಣ."

ಮುಂದಿನ ವಾರವೆಲ್ಲ ಕಾರು ಶೆಡ್ಡಿನಲ್ಲೇ ಇತ್ತು. ನಂಬರಪ್ಪ ದಿನಾ ಸಂಜೆ ಹೋಗಿ, ರೋಗಿಯ ಕಡೆಯವರಂತೆ ಬಾಗಿಲಲ್ಲಿ ನಿಂತು ನೋಡಿ ಬರುತ್ತಿದ್ದರು. ಡಾಕ್ಟರು ಪುಟ್ಟ ಟರ್ಬೋ ಕೂರಿಸಿದರು, ಎಣ್ಣೆಯ ಪೈಪು ಎಳೆದರು, ಎಂಜಿನ್ ಕಾಯದಂತೆ ರೇಡಿಯೇಟರನ್ನೂ ಬದಲಾಯಿಸಿದರು. ಬಾನೆಟ್ಟು ಎಲ್ಲೂ ಉಬ್ಬದೆ ಸರಾಗವಾಗಿ ಮುಚ್ಚಿಕೊಂಡದ್ದು ನಂಬರಪ್ಪನವರಿಗೆ ಒಂದಿಷ್ಟು ನಿರಾಸೆ ತಂದರೂ ಅದನ್ನು ಅವರು ಯಾರಿಗೂ ಹೇಳಲಿಲ್ಲ.

ಕಾರು ಮನೆಗೆ ಬರುವ ಭಾನುವಾರ ನಾವೆಲ್ಲ ಏರಿನ ಎರಡೂ ಬದಿ ನಿಂತಿದ್ದೆವು. ಅಂಗಡಿಯ ಯಜಮಾನರು ಬಂದಿದ್ದರು. ಷಡ್ಡಕ ಸಪರಿವಾರ ಬಂದಿದ್ದ. ನರ್ಸಮ್ಮ ಯಾವುದಕ್ಕೂ ಇರಲೆಂದು ಔಷಧದ ಡಬ್ಬಿ ಹಿಡಿದು ನಿಂತಿದ್ದರು. ಬುಡದಲ್ಲಿ ಗುಡುಗು ಕೇಳಿಸಿತು. ನಂಬರಪ್ಪ ಸ್ಟೇರಿಂಗನ್ನು ಎದೆಗೊತ್ತಿಕೊಂಡು ಕೂತಿದ್ದರು. ಪಕ್ಕದಲ್ಲಿ ಹೆಂಡತಿ, ಹಿಂದೆ ಅತ್ತೆ, ಅತ್ತೆಯ ಪಕ್ಕ ಮಾರುಕಟ್ಟೆಯ ತರಕಾರಿ ಚೀಲಗಳು. ಕಾರು ಔಷಧದಂಗಡಿ ದಾಟಿತು, ಗುಡುಗು ಇಳಿಯಲಿಲ್ಲ. ಒಳಗೆಲ್ಲೋ ಸಣ್ಣಗೆ, ಕೆಲಸ ಮಾಡುತ್ತ ಗುನುಗುವವರ ಹಾಗೆ ಒಂದು ಶಿಳ್ಳೆ. ಇಸ್ತ್ರಿಯವನು ಬಾಗಿಲು ತೆಗೆಯಲು ಮುಂದೆ ಬಂದವನು ಹಿಂದಕ್ಕೆ ನೆಗೆದ. ಕಾರು ನಿಲ್ಲಲಿಲ್ಲ. ಯಾರೋ ಚಪ್ಪಾಳೆ ತಟ್ಟಿದರು, ಆಮೇಲೆ ನಾವೆಲ್ಲರೂ ತಟ್ಟಿದೆವು. ನಂಬರಪ್ಪ ಮನೆಯ ಗೇಟಿನ ಮುಂದೆ ಬ್ರೇಕು ಒತ್ತಿ, ಮೊಟ್ಟಮೊದಲ ಬಾರಿಗೆ ಕನ್ನಡಿಯಲ್ಲಿ ಹಿಂದಿನ ಸೀಟು ನೋಡಿದರು.

ಅತ್ತೆ ಇದ್ದರು. ಪೂರ್ತಿಯಾಗಿ ಇದ್ದರು.

ಯಜಮಾನರು ಕೈ ಕುಲುಕಲು ಹತ್ತಿರ ಬಂದರು. ನಂಬರಪ್ಪ ಇಳಿಯಲೆಂದು ಬಾಗಿಲಿಗೆ ಕೈಹಾಕಿದರು. ಹಿಂದಿನಿಂದ ಅತ್ತೆಯ ಕೈ ಬಂದು ಅವರ ಭುಜ ಒತ್ತಿತು.

"ಯಾಕೆ ನಿಲ್ಲಿಸಿದ್ರಿ ಅಳಿಯಂದ್ರೇ?"

"ಮನೆ ಬಂತಲ್ಲ ಅತ್ತೆ."

"ಮನೆ ಎಲ್ಲಿಗೂ ಹೋಗಲ್ಲ. ಆ ಚೀಲಗಳನ್ನ ಇಳಿಸಿ. ನರ್ಸಮ್ಮ, ನೀವು ಬನ್ನಿ, ಇಲ್ಲಿ ಕೂತ್ಕೊಳ್ಳಿ. ಯಜಮಾನ್ರೇ, ನೀವೂ ಆ ಕಡೆಯಿಂದ ಹತ್ತಿ. ಇನ್ನೊಂದ್ಸಲ ಕೆಳಗೆ ಹೋಗಿ ಬರೋಣ."

ನಂಬರಪ್ಪ ಕಾರು ತಿರುಗಿಸಿದರು. ಇಳಿದರು, ಹತ್ತಿದರು, ಮತ್ತೆ ಇಳಿದರು. ಸವಾರರು ಬದಲಾಗುತ್ತಿದ್ದರು, ಅತ್ತೆ ಬದಲಾಗಲಿಲ್ಲ. ಷಡ್ಡಕನನ್ನೂ ಒಂದು ಸಲ ಹತ್ತಿಸಿಕೊಂಡರು. ಎಷ್ಟು ಸಲವಾಯಿತೆಂದು ಮೊದಮೊದಲು ನಾವು ಲೆಕ್ಕ ಇಡುತ್ತಿದ್ದೆವು. ಆಮೇಲೆ ಅವರವರ ಕೆಲಸಕ್ಕೆ ಹೊರಟೆವು. ಒಲೆಯ ಮುಂದೆ ನಿಂತವರಿಗೂ, ಬಟ್ಟೆ ಮಡಚುತ್ತಿದ್ದವರಿಗೂ ಕಿಟಕಿಯ ಆಚೆಯಿಂದ ಸಣ್ಣ ಶಿಳ್ಳೆಯೂ, ಅದರ ಮೇಲೆ ಅತ್ತೆಯ ದೊಡ್ಡ ದನಿಯೂ ಕೇಳಿಬರುತ್ತಲೇ ಇದ್ದವು: "ತಿರುಗಿಸಿ ಅಳಿಯಂದ್ರೇ, ತಿರುಗಿಸಿ!"